ಎಡಿಟರ್ ಆಯ್ಕೆ: ಒಂದು ಪದಪಟ್ಟಿಯ ಪ್ರಸಂಗ

ಪತ್ರಿಕೆಯ ಸಂಪಾದಕರನ್ನು ಮಾತ್ರ ಬಲ್ಲ ನಮ್ಮಂಥವರಿಗೆ ‘ಎಡಿಟರ್’ ಎಂಬ ಮಾತು ಬೇರೆ ಅರ್ಥದಲ್ಲಿ ಎದುರಾದಾಗ ತುಸು ತಬ್ಬಿಬ್ಬಾಗುವುದು ಸಹಜ. ಗಣಕಕ್ಕೆ ಕೊಡುವ ಆದೇಶಗಳನ್ನು, ಎಂದರೆ ಪ್ರೋಗ್ರಾಮನ್ನು, ಬರೆಯಲು ಮತ್ತು ತಿದ್ದಲು ಬಳಸುವ ತಂತ್ರಾಂಶಕ್ಕೂ ಅದೇ ಹೆಸರು. ಅದನ್ನು ಆರಿಸುವುದೂ ಒಂದು ಸಮಸ್ಯೆಯೇ ಎಂದು ನಾನು ಉದಾಸೀನನಾಗಿದ್ದೆ, ಮಾದಿಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಪದಪಟ್ಟಿಯೊಂದನ್ನು ಮಾಡಲು ಕೂರುವ ತನಕ.

ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಯ ಬೇಸಾಯಗಾರರ ಮಾತುಗಳನ್ನು ನಾನು ಹಲವು ವರ್ಷ ಟಿಪ್ಪಣಿ ಮಾಡಿಕೊಂಡು ಬಂದಿದ್ದೇನೆ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗಳು ಪೈಥಾನ್ ಎಂಬ ಗಣಕಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಿಕೊಟ್ಟಳು. ಪಟ್ಟಿ ನೋಡಿದರೆ ‘ತೋಟ’ ಎರಡು ಕಡೆ ಇದೆ! ತೆಂಗಿನ ಸೀಮೆಯವನಾದ ನನಗೆ ಈ ಪದವೇ ಒಡೆದುಹೋದದ್ದು ಸರಿಬರಲಿಲ್ಲ.

“ದೊಡ್ಡಪ್ಪ, ನಿಮ್ಮ ಕಣ್ಣಿಗೆ ಒಂದೇ, ಗಣಕಕ್ಕೆ ಎರಡು” ಎಂದಳು ಹುಡುಗಿ.

ಅವಳ ಮಾತು ನಿಜವೇ ಆಗಿತ್ತು. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದೆ. 3200ರಿಂದ 3327ರವರೆಗಿನ 128 ಸ್ಥಾನಗಳು ನಮ್ಮವು. ಅಲ್ಲಿ ಓಕಾರದ ಚಿಹ್ನೆಯನ್ನು ಇಡಿಯಾಗಿಯೂ ಬರೆಯಬಹುದು, ಒಕಾರ ಮತ್ತು ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಮೊದಲನೆಯ ‘ತೋಟ’ದಲ್ಲಿ 3 ಸಂಕೇತ, ಎರಡನೆಯದರಲ್ಲಿ 4. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪುಟಗಳಲ್ಲಿ ಒಂದು ಬಗೆ, ನೇರವಾಗಿ ಬೆರಳಚ್ಚು ಮಾಡಿದ ಪುಟಗಳಲ್ಲಿ ಇನ್ನೊಂದು ಬಗೆ ಸೇರಿಕೊಂಡಿತ್ತು.

ಇದನ್ನು ಕಂಡುಹಿಡಿಯುವ ಸಾಧನ ಯಾವುದು? ಪತ್ರ, ಲೇಖನಗಳಿಗೆ ಬಳಸುವ ವರ್ಡ್ ಪ್ರೊಸೆಸರ್ ಇಲ್ಲಿ ಸಲ್ಲದು. ಅದು ಅಂದವನ್ನು ನೋಡಿಕೊಳ್ಳುವ ಭರದಲ್ಲಿ ನೇರವಾದ ಉದ್ಧರಣ ಚಿಹ್ನೆಯನ್ನು ಡೊಂಕಾಗಿಸಿಬಿಡುತ್ತದೆ. ಆ ಒಂದು ಡೊಂಕಿಗೆ ಪೈಥಾನ್ ಪ್ರೋಗ್ರಾಂ ಓಡುವುದೇ ಇಲ್ಲ. ಎಡಿಟರ್ ಎಂಬುದು ಬರೆದದ್ದನ್ನು ಬರೆದಂತೆಯೇ ಇಡತಕ್ಕದ್ದು.

ಇನ್ನು ಐ.ಡಿ.ಇ. ಎಂಬುದೊಂದುಂಟು. ಬರೆಯುವ, ಓಡಿಸುವ, ದೋಷ ಹುಡುಕುವ ಸಲಕರಣೆಗಳೆಲ್ಲ ಅಲ್ಲಿ ಒಂದೇ ಸೂರಿನಡಿ. 1983ರಲ್ಲಿ ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ ಈ ಕ್ರಮವನ್ನು ಜನಪ್ರಿಯಗೊಳಿಸಿತು. ಮೊಬೈಲಿಗೆ ತಂತ್ರಾಂಶ ಬರೆಯುವವರಿಗೆ ಆಂಡ್ರಾಯ್ಡ್ ಸ್ಟುಡಿಯೋದಂಥ ದೊಡ್ಡ ಮನೆ ಬೇಕಾದೀತು. 4 ಜಿ.ಬಿ. ಸ್ಮೃತಿಯ ನಮ್ಮ ಹಳೆಯ ಲ್ಯಾಪ್‌ಟಾಪ್ ಅದನ್ನು ಹೊರಲಾರದು. ಪದ ಎಣಿಸಲು ಅಷ್ಟರ ಅಗತ್ಯವೂ ಇಲ್ಲ. 1976ರ ವಿಐ ವಂಶದಲ್ಲಿ 1991ರಲ್ಲಿ ಹುಟ್ಟಿದ ವಿಮ್ ಬಲು ಹಗುರ, ಮೌಸಿನ ಹಂಗಿಲ್ಲ. ಆದರೆ ಅದು ಸಾಮಾನ್ಯವಾಗಿ ಓಡುವ ಟರ್ಮಿನಲ್ ಅಕ್ಷರಗಳನ್ನು ಸಮನಾದ ಚೌಕಗಳಲ್ಲಿ ಕೂರಿಸುವಂಥದು. ಒತ್ತಕ್ಷರ ಬಂದರೆ ಸಾಲು ಚದುರುತ್ತದೆ.

ಹುಡುಗಿ ಮೂರ್ನಾಲ್ಕು ಎಡಿಟರುಗಳಲ್ಲಿ ಒಂದೇ ಕಡತವನ್ನು ತೆರೆದು ಪರೀಕ್ಷೆ ಮಾಡಿದಳು. ‘ಸ್ತ್ರೀ’ ಎಂದು ಬರೆದು ಅಳಿಸುವ ಕೀಲಿ ಒತ್ತಿದಳು. ಅದರಲ್ಲಿ 6 ಸಂಕೇತಗಳಿವೆ. ಒಮ್ಮೆ ಒತ್ತಿದರೆ ಈಕಾರದ ಚಿಹ್ನೆ ಮಾತ್ರ ಹೋಗುವುದೋ, ಇಡೀ ಅಕ್ಷರವೇ ಹೋಗುವುದೋ? ಬಿಡಿಬಿಡಿಯಾಗಿ ಹೋಗುವುದೇ ತಿದ್ದುವವನಿಗೆ ಲೇಸೆಂದು ನನ್ನ ಮತ. ಆಮೇಲೆ ಉಳಿಸದ ಕಡತ ತೆರೆದಿರುವಾಗಲೇ ಯಂತ್ರವನ್ನು ಆರಿಸಿದಳು. ನಮ್ಮೂರಿನಲ್ಲಿ ಕರೆಂಟು ಹೋಗುವುದು ಹೇಳಿಕೇಳಿ ಅಲ್ಲ, ಆ ಲ್ಯಾಪ್‌ಟಾಪಿನ ಬ್ಯಾಟರಿಗೋ ಪ್ರಾಣವಿಲ್ಲ. ಕೊನೆಗೆ, ಕಣ್ಣಿಗೆ ಕಾಣದ ಸಂಕೇತಗಳನ್ನು ಗುರುತು ಹಾಕಿ ತೋರಿಸುವುದೇ ಎಂದು ನೋಡಿದಳು. ಮೂರರಲ್ಲೂ ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್ ಅವಳಿಗೆ ಒಪ್ಪಿತವಾಯಿತು. ಅದೂ ಪೂರ್ತಿ ಹಗುರವೇನಲ್ಲ. ಬೇಡದ ವಿಸ್ತರಣೆಗಳನ್ನೆಲ್ಲ ತೆಗೆದುಹಾಕಿ ಇಟ್ಟುಕೊಂಡಳು. ಬೇರೊಬ್ಬರ ಯಂತ್ರದಲ್ಲಿ, ಬೇರೊಂದು ಕೆಲಸಕ್ಕೆ, ಬೇರೊಂದು ಗೆದ್ದೀತು.

ಎರಡು ಬಗೆಯ ಓಕಾರವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲಿಯೇ ಇದೆ. ಒಂದು ಸಾಲು ಸೇರಿಸಿದಳು, ‘ತೋಟ’ ಒಂದಾಯಿತು. ‘ಮೋಟಾರ್’ ಮಾತ್ರ ಇನ್ನೂ ಎರಡಿದೆ. ಒಂದರ ಅರ್ಧಾಕ್ಷರದ ಹಿಂದೆ ಕಾಣದ ವಿಭಜಕವೊಂದು ಕುಳಿತಿರುವುದನ್ನು ಎಡಿಟರ್ ಪುಟ್ಟ ಚೌಕದಲ್ಲಿ ತೋರಿಸುತ್ತಿದೆ. ಪದದ ನಡುವೆ ಅದು ಬೇಕು, ಕೊನೆಯಲ್ಲಿ ಬೇಡ. ಬರುವ ಭಾನುವಾರ ಊರಿಗೆ ಬಂದಾಗ ಅದನ್ನು ನೋಡೋಣವೆಂದು ಹೇಳಿ ಹೋಗಿದ್ದಾಳೆ.