ಮೇಜಿನ ಪಾತ್ರಾಭಿನಯ ಆಟಗಳಲ್ಲಿ ಕಾಳಗದ ನಿಯಮಗಳು

ಕಾಳಗದ ನಿಯಮಗಳು ಎಂದರೆ ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳಲ್ಲಿ ಹೋರಾಟದ ಫಲಿತಾಂಶವನ್ನು ನಿರ್ಧರಿಸುವ ಕಟ್ಟಳೆಗಳು. ಈ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸಿಕೊಂಡು ಅದರ ನಡೆಯನ್ನು ಮಾತಿನಲ್ಲಿ ತಿಳಿಸುತ್ತಾನೆ. ಎದುರಾಳಿಗಳನ್ನು ನಿರ್ವಾಹಕನು ನಡೆಸುತ್ತಾನೆ. ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ಉರುಳಿಸಲಾಗುತ್ತದೆ. ನಿಯಮಗಳು ವಾಸ್ತವಕ್ಕೆ ಹತ್ತಿರವಾಗಲು ಆಯುಧಗಳ ವಿವರಕ್ಕಿಂತ ಹೋರಾಡುವವರ ಸ್ಥೈರ್ಯ ಮತ್ತು ಕಾಲದ ಲೆಕ್ಕ ಮುಖ್ಯ.

ಹಿನ್ನೆಲೆ

ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ 1824ರಲ್ಲಿ ಪ್ರಕಟಿಸಿದ ಯುದ್ಧಾಟದಲ್ಲಿ ಸಾವುನೋವುಗಳನ್ನು ದಾಳದಿಂದ ನಿರ್ಧರಿಸಲಾಗುತ್ತಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' (1974) ಯುದ್ಧಾಟಗಳಿಂದಲೇ ಬೆಳೆಯಿತು. ಅದರಲ್ಲಿ ಪ್ರತಿ ಪಾತ್ರಕ್ಕೂ ಜೀವಾಂಕಗಳಿದ್ದು, ಪೆಟ್ಟು ಬಿದ್ದಂತೆ ಅವು ಕಡಿಮೆಯಾಗುತ್ತವೆ. ಕೊನೆಯ ಅಂಕ ಉಳಿದಿರುವವರೆಗೂ ಪಾತ್ರ ಪೂರ್ಣಬಲದಿಂದ ಹೋರಾಡುವುದು ಅಸಹಜವೆಂಬ ಆಕ್ಷೇಪ ಇದಕ್ಕಿದೆ. 'ರೂನ್‌ಕ್ವೆಸ್ಟ್' (1978) ಪೆಟ್ಟು ತಗುಲಿದ ಅಂಗವನ್ನು ಗುರುತಿಸುವ, ಕವಚವು ಪೆಟ್ಟಿನ ತೀವ್ರತೆಯನ್ನು ತಗ್ಗಿಸುವ ಕ್ರಮವನ್ನು ತಂದಿತು.

ದೇವನಹಳ್ಳಿಯ ನಿದರ್ಶನ

ದೇವನಹಳ್ಳಿ ಕೋಟೆಯನ್ನು 1749ರಲ್ಲಿ ಮೈಸೂರಿನ ನಂಜರಾಜಯ್ಯ ಮುತ್ತಿದಾಗ ಪಾಳೆಯಗಾರನ ಪಡೆ ಹಲವು ತಿಂಗಳು ತಡೆದು ನಿಂತಿತು. ಈ ಮುತ್ತಿಗೆಯಲ್ಲಿ ಗಮನ ಸೆಳೆದ ಹೈದರ್ ಅಲಿಗೆ 50 ಕುದುರೆ ಮತ್ತು 200 ಕಾಲಾಳುಗಳ ನಾಯಕತ್ವ ದೊರೆಯಿತು. ಪಾತ್ರವೊಂದು ಸಾಹಸದಿಂದ ಮೇಲಿನ ಹಂತಕ್ಕೇರುವ ಆಟದ ಪದ್ಧತಿಗೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ. ಅದೇ ಊರಿನ ಕೋಟೆ 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ಪ್ರತಿರೋಧವಿಲ್ಲದೆ ಶರಣಾಯಿತು. ಅದೇ ವರ್ಷ ಸಮೀಪದ ನಂದಿದುರ್ಗವಾದರೋ ಸುಮಾರು ಮೂರು ವಾರ ಎದುರಿಸಿ ಅಕ್ಟೋಬರಿನಲ್ಲಿ ರಾತ್ರಿಯ ಲಗ್ಗೆಗೆ ಬಿದ್ದಿತು. ಅಲ್ಲಿ ಏರಿಬರುವವರ ಮೇಲೆ ಬಂಡೆಗಳನ್ನೂ ಉರುಳಿಸಲಾಯಿತು. ಗೋಡೆಯ ಬಲ ಮತ್ತು ಆಯುಧದ ಹಾನಿಯನ್ನಷ್ಟೇ ಎಣಿಸುವ ನಿಯಮ ದೇವನಹಳ್ಳಿಯ ಶರಣಾಗತಿಯನ್ನು ಎಂದಿಗೂ ತೋರಿಸಲಾರದು.

ಸ್ಥೈರ್ಯ ಪರೀಕ್ಷೆ

ಈ ಕೊರತೆಯನ್ನು ತುಂಬುವುದು ಸ್ಥೈರ್ಯ ಪರೀಕ್ಷೆ. 1981ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆರಂಭಿಕ ಆವೃತ್ತಿಯಲ್ಲಿ ಗುಂಪಿನ ಮೊದಲ ಸಾವಾದಾಗ ಮತ್ತು ಅರ್ಧದಷ್ಟು ಮಂದಿ ಬಿದ್ದಾಗ ಎರಡು ದಾಳಗಳನ್ನು ಉರುಳಿಸುತ್ತಾರೆ. ಮೊತ್ತ ಸ್ಥೈರ್ಯಾಂಕವನ್ನು ಮೀರಿದರೆ ಗುಂಪು ಓಡುತ್ತದೆ ಇಲ್ಲವೇ ಶರಣಾಗುತ್ತದೆ. ಸ್ಥೈರ್ಯಾಂಕ 8 ಆಗಿದ್ದರೆ 36 ಸಾಧ್ಯತೆಗಳಲ್ಲಿ 10ರಲ್ಲಿ, ಅಂದರೆ ಶೇ. 28ರಷ್ಟು, ಗುಂಪು ಮುರಿಯುತ್ತದೆ. 10 ಆಗಿದ್ದರೆ ಕೇವಲ 3ರಲ್ಲಿ. ಸಂಬಳ ಬಾಕಿ, ನಾಯಕನ ಸಾವು, ತಪ್ಪಿಸಿಕೊಳ್ಳುವ ದಾರಿ ಇವುಗಳಿಗೆ ಒಂದೆರಡು ಅಂಕ ಕೂಡಿಸಿ ಕಳೆದರೆ ಸಾಕು, ಫಲಿತಾಂಶ ಬಹಳವಾಗಿ ಬದಲಾಗುತ್ತದೆ.

ಕಾಲಮಾನ

ಆಟದ ಒಂದು ಸುತ್ತನ್ನು 6 ಸೆಕೆಂಡುಗಳೆಂದು ಎಣಿಸಿದರೆ, ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸುವ ಪಳಗಿದ ಸಿಪಾಯಿಯ ಬಂದೂಕು ಮೂರರಿಂದ ಐದು ಸುತ್ತಿಗೊಮ್ಮೆ ಸಿಡಿಯಬೇಕು. ಮುತ್ತಿಗೆಗೆ ಈ ಅಳತೆ ಹೊಂದುವುದಿಲ್ಲ. ಅಲ್ಲಿ ಒಂದು ಸುತ್ತು ಒಂದು ದಿನವಾಗಿದ್ದು, ದವಸ, ನೀರು, ಮದ್ದುಗುಂಡುಗಳ ಲೆಕ್ಕವೇ ಕಾಳಗವಾಗುತ್ತದೆ.

ಮಿತಿ

ಪ್ರತಿ ಹೊಡೆತಕ್ಕೂ ದಾಳಿ, ತಡೆ, ಅಂಗ, ಹಾನಿ ಎಂದು ನಾಲ್ಕು ಬಾರಿ ದಾಳ ಹಾಕಿದರೆ, ಐವರ ವಿರುದ್ಧ ಐವರ ಕಾಳಗದಲ್ಲಿ ಒಂದೇ ಸುತ್ತಿಗೆ 40 ಉರುಳಿಕೆಗಳು ಬೇಕಾಗಬಹುದು. ಆದ್ದರಿಂದ ಅನೇಕ ರಚನಕಾರರು ಅಂಗ ಗುರುತಿಸುವ ಕ್ರಮವನ್ನು ಗಂಭೀರ ಗಾಯಗಳಿಗಷ್ಟೇ ಉಳಿಸಿಕೊಳ್ಳುತ್ತಾರೆ.