ಹಳ್ಳಿ ಹಲ್ಲಿಯಾಗದ ಕೀಬೋರ್ಡ್

ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುವವಳು ನಾನು. ಡೊಂಬಿವಲಿ ಪೂರ್ವದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸು. ಮದುವೆ ಕಾಗದ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಹಿರಿಯರ ಆತ್ಮಕಥೆ, ಎಲ್ಲವೂ ಕೈಬರಹದಲ್ಲಿ ಬಂದು ಅಚ್ಚಿನ ಪುಟವಾಗಿ ಹೊರಡುವುದು ಇಲ್ಲಿಂದಲೇ. ಈಚೆಗೆ ಆ ಹಿರಿಯರಲ್ಲಿ ಅನೇಕರು ತಾವೇ ಟೈಪ್ ಮಾಡಲು ಶುರುಮಾಡಿದ್ದಾರೆ. ಮಕ್ಕಳು ಬಿಟ್ಟುಹೋದ ಲ್ಯಾಪ್‌ಟಾಪ್ ಇರುತ್ತದೆ, ಅದರ ಪುಟ್ಟ ಕೀಲಿಗಳ ಮೇಲೆ ಬೆರಳು ಕೂರುವುದಿಲ್ಲ. "ಕಡಿಮೆ ಬೆಲೆಗೆ ಒಳ್ಳೆ ವೈರ್‌ಲೆಸ್ ಕೀಬೋರ್ಡ್-ಮೌಸ್ ಸೆಟ್ ಯಾವುದಮ್ಮ?" ಎಂದು ಫೋನ್ ಮಾಡುತ್ತಾರೆ.

ಅವರಿಗೆ ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ದಿನಕ್ಕೆ ಎಷ್ಟು ಕನ್ನಡ ಬರೆಯುತ್ತೀರಿ ಎಂದು ಕೇಳುತ್ತೇನೆ. ಇಂಗ್ಲಿಷಿನಲ್ಲಿ ನಾಲ್ಕು ಇಮೇಲ್ ಬರೆಯುವವರಿಗೆ ಯಾವ ಕೀಬೋರ್ಡ್ ಆದರೂ ನಡೆದೀತು, ಕನ್ನಡ ಬರೆಯುವವರಿಗೆ ನಡೆಯುವುದಿಲ್ಲ.

ನುಡಿ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಮೂಡಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀ ಒತ್ತಬೇಕು. ನಡುವಿನ ಎಫ್ ಒತ್ತಕ್ಷರವನ್ನು ಕೂಡಿಸುವ ಕೀ. ಅದು ಹಿಡಿಯದಿದ್ದರೆ ಪರದೆಯ ಮೇಲೆ ‘ಕನನಡ’ ಬರುತ್ತದೆ. ಕನ್ನಡದ ಸಾಲಿನಲ್ಲಿ ಒತ್ತಕ್ಷರ ಎಷ್ಟು ಸಲ ಬರುತ್ತದೆಂದು ಈ ಪುಟದಲ್ಲೇ ನೋಡಿ. ನನ್ನ ಹಳೆಯ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋದದ್ದು ಎಫ್ ಎಂಬ ಅಕ್ಷರವೇ. ಶಿಫ್ಟ್ ಕೀಯ ಮೇಲಂತೂ ಇನ್ನೂ ಹೆಚ್ಚು ಭಾರ. ಮಹಾಪ್ರಾಣ, ದೀರ್ಘ, ಣ, ಳ ಎಲ್ಲಕ್ಕೂ ಅದು ಬೇಕು. ‘ಹಳ್ಳಿ’ ಎಂದು ಬರೆಯಲು ಶಿಫ್ಟ್ ಒತ್ತಬೇಕು, ಎಫ್‌ಗಾಗಿ ಬಿಡಬೇಕು, ಕೂಡಲೇ ಮತ್ತೆ ಒತ್ತಬೇಕು. ಕೀ ತಡವರಿಸಿದರೆ ‘ಹಲ್ಲಿ’ ಆಗುತ್ತದೆ. ಹಲ್ಲಿಯೂ ಸರಿಯಾದ ಪದವೇ ಆದ್ದರಿಂದ ಕಾಗುಣಿತ ನೋಡುವ ತಂತ್ರಾಂಶವೂ ಇದನ್ನು ಹಿಡಿಯಲಾರದು. ಕರಡು ತಿದ್ದುವವರ ಕಣ್ಣು ತಪ್ಪಿದರೆ ಹಾಗೆಯೇ ಅಚ್ಚಾಗುತ್ತದೆ.

ನುಡಿಯ ಈ ಕೀಲಿ ಜೋಡಣೆಯನ್ನು ರೂಪಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. ಕರ್ನಾಟಕ ಸರ್ಕಾರ ಅದನ್ನೇ ಪ್ರಮಾಣಿತವೆಂದು ಒಪ್ಪಿಕೊಂಡಿತು. ಅದರಿಂದ ನಮಗಾದ ಲಾಭ ದೊಡ್ಡದು. ಕನ್ನಡ ಅಕ್ಷರ ಮುದ್ರಿಸಿದ ಕೀಬೋರ್ಡ್ ಹುಡುಕುತ್ತ ಅಲೆಯಬೇಕಿಲ್ಲ, ಅಂಗಡಿಯಲ್ಲಿ ಸಿಗುವ ಸಾಧಾರಣ ಕೀಬೋರ್ಡೇ ಸಾಕು. ಜೋಡಣೆ ಇರುವುದು ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಉಚಿತವಾಗಿ ಸಿಗುತ್ತದೆ. ವಿಂಡೋಸಿನಲ್ಲಿ ಮೊದಲಿನಿಂದ ಇರುವ ಕನ್ನಡ ಕೀಬೋರ್ಡ್ ಮಾತ್ರ ಬೇರೆ, ಅದು ಇನ್‌ಸ್ಕ್ರಿಪ್ಟ್ ಜೋಡಣೆ. ನುಡಿಗೆ ಒಗ್ಗಿದವರು ಅದನ್ನು ಆನ್ ಮಾಡಿಕೊಂಡು, ಅಕ್ಷರ ಎಲ್ಲೆಲ್ಲೋ ಮೂಡಿದಾಗ ಕೀಬೋರ್ಡ್ ಕೆಟ್ಟಿದೆ ಎಂದು ವಾಪಸು ಕೊಡಲು ಹೊರಡುತ್ತಾರೆ.

ಕೊಳ್ಳುವುದು ಎಲ್ಲಿ? ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ ಇರಬಹುದು, ಒತ್ತಿ ನೋಡಲು ಸಿಗುವುದಿಲ್ಲ. ನಾನು ಹೋಗುವುದು ಲ್ಯಾಮಿಂಗ್ಟನ್ ರೋಡಿಗೆ. ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದರೆ ಹತ್ತಿರ. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರಿನ ರಸ್ತೆ ಅದು. ದಾಖಲೆಯಲ್ಲಿ ಈಗ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದ್ದರೂ ಕಂಪ್ಯೂಟರ್ ಸಾಮಾನಿನ ಮಟ್ಟಿಗೆ ಹಳೆಯ ಹೆಸರೇ ನಡೆಯುತ್ತದೆ. ಡೆಮೋ ಪೀಸ್ ಇಟ್ಟಿರುವ ಅಂಗಡಿ ಹುಡುಕಿ. ಎಡಗೈ ತೋರುಬೆರಳನ್ನು ಎಫ್ ಮೇಲಿಟ್ಟು ವೇಗವಾಗಿ ಒತ್ತಿ ನೋಡಿ. ಆಮೇಲೆ ಎರಡೂ ಶಿಫ್ಟ್‌ಗಳ ಅಂಚನ್ನು, ಅಂದರೆ ನಟ್ಟನಡುವೆ ಅಲ್ಲ, ಕಿರುಬೆರಳು ನಿಜವಾಗಿ ಬೀಳುವ ಜಾಗವನ್ನು ಒತ್ತಿ. ಕಳಪೆ ಕೀಬೋರ್ಡಿನಲ್ಲಿ ಅಂಚು ಒತ್ತಿದಾಗ ಕೀ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ನೋಡಲು ಚೆಂದದ ಚಿಕ್ಕ ಕೀಬೋರ್ಡುಗಳಲ್ಲಿ ಬಲಗಡೆಯ ಶಿಫ್ಟನ್ನು ಕತ್ತರಿಸಿ ಬಾಣದ ಕೀಗೆ ಜಾಗ ಕೊಟ್ಟಿರುತ್ತಾರೆ. ಮನೆ ಎಷ್ಟು ಇಕ್ಕಟ್ಟಾದರೂ ಕನ್ನಡ ಬರೆಯುವವರು ಅದಕ್ಕೆ ಮರುಳಾಗಬಾರದು. ಕೆಲಸ ಮುಗಿದ ಮೇಲೆ ಪೂರ್ಣ ಅಳತೆಯದನ್ನೇ ಗೋಡೆಗೆ ಒರಗಿಸಿ ನಿಲ್ಲಿಸಬಹುದು, ತಂತಿಯಿಲ್ಲದ್ದರ ದೊಡ್ಡ ಅನುಕೂಲವೇ ಅದು.

ವೈರ್‌ಲೆಸ್‌ನಲ್ಲಿ ಎರಡು ಬಗೆ. ಒಂದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಬೇಕು, ಅದು 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತದೆ. ಇನ್ನೊಂದು ಬ್ಲೂಟೂತ್. ಹಳೆಯ ಡೆಸ್ಕ್‌ಟಾಪ್ ಇದ್ದವರಿಗೆ ರಿಸೀವರ್ ಬಗೆಯದೇ ಸರಿ, ಏಕೆಂದರೆ ಅದರಲ್ಲಿ ಬ್ಲೂಟೂತ್ ಇರುವುದೇ ಅಪರೂಪ. ಹೊಸ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ತೂತು ಮಾತ್ರ ಇದ್ದರೆ ಬ್ಲೂಟೂತ್ ತಗೊಳ್ಳಿ. ಅಗ್ಗದ ಸೆಟ್ಟುಗಳಲ್ಲಿ ರಿಸೀವರ್ ಕಳೆದರೆ ಸಾಮಾನ್ಯವಾಗಿ ಸೆಟ್ಟೇ ಹೋದಂತೆ.

ಅಕ್ಷರ ಬಿಟ್ಟುಹೋಗುವುದಕ್ಕೆ ಕೀಬೋರ್ಡೇ ಕಾರಣವಾಗಿರಬೇಕೆಂದಿಲ್ಲ. ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3.0 ಪೋರ್ಟು ಇದೇ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ಪ್ರಕಟಿಸಿತು. ಅದರ ಮೇಲೆ ನಮ್ಮ ಕಟ್ಟಡಗಳಲ್ಲಿ ಮೇಲೆ ಕೆಳಗೆ ಪಕ್ಕದಲ್ಲಿ ಎಲ್ಲ ಮನೆಯವರ ವೈಫೈ. ಮುಲುಂಡಿನ ನಿವೃತ್ತ ರಾತ್ರಿಶಾಲೆ ಮಾಸ್ತರರೊಬ್ಬರು ನೆನಪುಗಳನ್ನು ಬರೆಯುತ್ತಿದ್ದಾರೆ. ಅವರ ಪುಟಗಳಲ್ಲಿ ಒತ್ತಕ್ಷರ ಕಾಣೆಯಾಗುತ್ತಿತ್ತು. "ಮಾಸ್ತರ್ರೇ, ರಿಸೀವರನ್ನು ಕಪ್ಪು ಪೋರ್ಟಿಗೆ ಹಾಕಿ, ಹಾರ್ಡ್‌ಡಿಸ್ಕಿನಿಂದ ದೂರ ಇಡಿ" ಎಂದೆ. ಅಷ್ಟಕ್ಕೇ ಸರಿಹೋಯಿತು. ಕಪ್ಪು ಪೋರ್ಟು ಇಲ್ಲದಿದ್ದರೆ ಚಿಕ್ಕದೊಂದು ಎಕ್ಸ್‌ಟೆನ್ಶನ್ ವೈರ್ ಹಾಕಿ ರಿಸೀವರನ್ನು ಮೇಜಿನ ಮೇಲೆ ತಂದಿಡಿ.

ಇನ್ನೊಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. 2016ರಲ್ಲಿ ಅಮೆರಿಕದ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆ ಎಂಟು ಕಂಪನಿಗಳ ಅಗ್ಗದ ವೈರ್‌ಲೆಸ್ ಕೀಬೋರ್ಡುಗಳಲ್ಲಿ ಒತ್ತಿದ ಪ್ರತಿಯೊಂದು ಕೀಯೂ ಬಿಚ್ಚುಬಿಚ್ಚಾಗಿ ಗಾಳಿಯಲ್ಲಿ ಹೋಗುತ್ತದೆ, 250 ಅಡಿ ದೂರದಿಂದ ಕದ್ದು ಓದಬಹುದು ಎಂದು ತೋರಿಸಿತು. ಗೋಡೆಗೆ ಗೋಡೆ ತಾಗಿರುವ ಊರಿನಲ್ಲಿ 250 ಅಡಿಯೊಳಗೆ ಎಷ್ಟು ಸಂಸಾರಗಳಿವೆ ಯೋಚಿಸಿ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ವಿವರಗಳಲ್ಲಿ 128 ಬಿಟ್ ಎಇಎಸ್ ಗೂಢಲಿಪೀಕರಣ ಇದೆ ಎಂದು ಬರೆದಿದ್ದರೆ ನೆಮ್ಮದಿ. ಇಲ್ಲದ ಕೀಬೋರ್ಡಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡಬೇಡಿ, ಅದಕ್ಕೆ ಲ್ಯಾಪ್‌ಟಾಪಿನ ಸ್ವಂತ ಕೀಲಿಗಳನ್ನೇ ಬಳಸಿ.

ಮೌಸಿನ ಬಗ್ಗೆ ಹೇಳುವುದು ಕಡಿಮೆ. 1000 ಡಿಪಿಐ ಮನೆಗೆಲಸಕ್ಕೆ ಧಾರಾಳ. ಗಾಜಿನ ಮೇಜಿನ ಮೇಲೆ ಸಾಧಾರಣ ಮೌಸ್ ಓಡುವುದಿಲ್ಲ, ಕೆಳಗೆ ಪ್ಯಾಡ್ ಹಾಕಿ. ಸದ್ದಿಲ್ಲದ ಕ್ಲಿಕ್ ಇರುವುದಕ್ಕೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಅದೇ ಕೋಣೆಯಲ್ಲಿ ಮೊಮ್ಮಕ್ಕಳು ಮಲಗಿರುತ್ತಾರಲ್ಲ.

ಸೆಲ್ ಬದಲಾಯಿಸುವ ಸೆಟ್ಟೇ ನನ್ನ ಆಯ್ಕೆ. ಒಳಗೇ ಬ್ಯಾಟರಿ ಇರುವ ಅಗ್ಗದ ಸೆಟ್ಟಿನಲ್ಲಿ ಬ್ಯಾಟರಿ ಸತ್ತ ದಿನ ಕೀಬೋರ್ಡೂ ಸತ್ತಂತೆ. ಲಾಜಿಟೆಕ್ ಎಂಕೆ270ಯಂಥ ಸೆಟ್ಟಿನಲ್ಲಿ ಕೀಬೋರ್ಡಿಗೆ ಎರಡು ಸಣ್ಣ ಎಎಎ ಸೆಲ್, ಮೌಸಿಗೆ ಒಂದು ಎಎ. ಕ್ರಮವಾಗಿ 24 ತಿಂಗಳು, 12 ತಿಂಗಳು ಬಾಳುತ್ತವೆ ಎನ್ನುವುದು ಕಂಪನಿಯ ಮಾತು. ದಿನವಿಡೀ ಬಡಿಯುವ ನನ್ನಂಥವರಿಗೆ ಅಷ್ಟು ಬರುವುದಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಸೆಲ್ ತೆಗೆದಿಟ್ಟು ಹೋಗಿ. ಹಳೆಯ ಸೆಲ್ ಸೋರಿದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಒಳಗಿನ ಸ್ಪ್ರಿಂಗ್ ಬೇಗ ಹಸಿರುಗಟ್ಟುತ್ತದೆ.

ಬೆಲೆಗೆ ಬರುತ್ತೇನೆ. ಜೆಬ್ರಾನಿಕ್ಸ್, ಪೋರ್ಟ್ರಾನಿಕ್ಸ್‌ನಂಥ ನಮ್ಮ ಕಂಪನಿಗಳ ಸೆಟ್ಟುಗಳು ಸಾವಿರದ ಆಸುಪಾಸಿಗೆ ಸಿಗುತ್ತವೆ. ಲಾಜಿಟೆಕ್, ಡೆಲ್, ಎಚ್‌ಪಿಯ ಆರಂಭದ ಸೆಟ್ಟುಗಳಿಗೆ ಸಾವಿರದಿಂದ ಎರಡು ಸಾವಿರ. ವಾರಕ್ಕೆ ಒಂದೆರಡು ಪುಟ ಬರೆಯುವವರಿಗೆ ಮೊದಲಿನದು ಸಾಕು. ಆತ್ಮಕಥೆ ಬರೆಯಲು ಕೂತವರು ಎರಡನೆಯದಕ್ಕೆ ಹೋಗಿ, ಅದಕ್ಕಿಂತ ಮೇಲೆ ಬೇಡ. ಇಡೀ ದಿನ ಟೈಪ್ ಮಾಡುವುದೇ ಕಸುಬಾದವರಿಗೆ ತಂತಿ ಇರುವ ಟಿವಿಎಸ್ ಗೋಲ್ಡನ್ನೇ ನಾನು ಈಗಲೂ ಹೇಳುವುದು. ಯಾವುದೇ ಕೊಂಡರೂ ಹಿಂಬದಿಯಲ್ಲಿ ಬಿಐಎಸ್ ಗುರುತೂ ಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಕೇಂದ್ರದ ಆದೇಶದಂತೆ ವೈರ್‌ಲೆಸ್ ಕೀಬೋರ್ಡುಗಳಿಗೆ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ನಕಲಿಯೋ ಗೊತ್ತಾಗುತ್ತದೆ. ಜಿಎಸ್‌ಟಿ ಬಿಲ್ ಬಿಡಬೇಡಿ, ವಾರಂಟಿಗೆ ಅದೇ ಆಧಾರ. ಅಂಗಡಿಯವರು ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಪ್ಪ ಅಮ್ಮನಿಗೆಂದು ಸೆಟ್ ತರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಪೆಟ್ಟಿಗೆ ಕೈಗಿತ್ತು ಹೊರಟುಬಿಡಬೇಡಿ. ಕೂತು ಸೆಲ್ ಹಾಕಿ, ನುಡಿ ಅಳವಡಿಸಿ, ಅವರ ಕೈಯಿಂದಲೇ ಒಂದು ಪುಟ ಟೈಪ್ ಮಾಡಿಸಿ ಹೋಗಿ.