ತಂಗುದಾಣವಿಲ್ಲದ ಬೆಳಕು

ಆಪ್ಟಿಕಲ್ ಫೈಬರಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೆ ದಾರಿ ಕವಲೊಡೆಯುವಲ್ಲಿ ಕೂತಿರುವ ರೂಟರ್ ಅದನ್ನು ವಿದ್ಯುತ್ ಸಂಕೇತವಾಗಿಸಿ, ವಿಳಾಸ ಓದಿ, ಮತ್ತೆ ಬೆಳಕಾಗಿಸಿ ಕಳಿಸುತ್ತದೆ. ಪ್ರತಿ ಕವಲಿನಲ್ಲೂ ಈ ವೇಷ ಬದಲಾವಣೆ. ಅದಕ್ಕೆ ವಿದ್ಯುತ್ತಿನ ಖರ್ಚು ಬೇರೆ. ಬೆಳಕನ್ನು ಬೆಳಕಾಗಿಯೇ ತಿರುಗಿಸಿಬಿಟ್ಟರೆ? 1990ರ ದಶಕದಲ್ಲಿ ಯುರೋಪಿನ ಕಿಯೋಪ್ಸ್ ಯೋಜನೆ ಕೈಹಾಕಿದ್ದು ಇದಕ್ಕೇ.

ತಿರುಗಿಸಲು ಬಂತು. ತಡೆದು ನಿಲ್ಲಿಸಲು ಬರಲಿಲ್ಲ.

ಎರಡು ಪ್ಯಾಕೆಟ್‌ಗಳು, ಅಂದರೆ ವಿಳಾಸ ಹೊತ್ತ ಮಾಹಿತಿಯ ತುಣುಕುಗಳು, ಏಕಕಾಲಕ್ಕೆ ಒಂದೇ ದಾರಿ ಕೇಳಿದರೆ ಒಂದು ಕಾಯಲೇಬೇಕು. ಮಾಮೂಲಿ ರೂಟರ್ ಅದನ್ನು ಮೆಮೊರಿಯಲ್ಲಿಟ್ಟು, ದಾರಿ ತೆರವಾದ ಕೂಡಲೇ ಬಿಡುತ್ತದೆ. ಬೆಳಕಿಗೆ ಅಂಥ ತಂಗುದಾಣವಿಲ್ಲ. ಫೈಬರಿನ ಸುರುಳಿಯಲ್ಲಿ ಸುತ್ತು ಹಾಕಿಸಿ ಹೊತ್ತು ಕಳೆಯಬೇಕು. 1500 ಬೈಟ್‌ನ ಪ್ಯಾಕೆಟ್ ಎಂದರೆ 12,000 ಬಿಟ್. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಅದು ದಾಟಲು 1.2 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಬೆಳಕು 240 ಮೀಟರ್ ಓಡಿರುತ್ತದೆ! ಒಂದೇ ಒಂದು ಪ್ಯಾಕೆಟ್‌ನ ಸರದಿ ಮುಗಿಯುವ ತನಕ ಹಿಂದಿನದನ್ನು ತಡೆಯಲು ಇಷ್ಟು ಉದ್ದದ ಎಳೆ ಬೇಕು. ನೂರರ ಸರದಿಗೆ 24 ಕಿಲೋಮೀಟರ್. ದಾರಿ ಬೇಗ ತೆರವಾದರೂ ಸುರುಳಿಯ ನಡುವಿನಿಂದ ಹೊರಬರುವಂತಿಲ್ಲ. ಸುತ್ತು ಹೆಚ್ಚಿದಂತೆ ಬೆಳಕು ಮಂಕಾಗುತ್ತದೆ. ಆಂಪ್ಲಿಫೈಯರ್ ಹಾಕಿದರೆ ಗದ್ದಲವೂ ಸೇರಿಕೊಳ್ಳುತ್ತದೆ.

ಬಣ್ಣ, ಅಂದರೆ ತರಂಗಾಂತರ, ಬದಲಿಸಿ ಅದೇ ಎಳೆಯಲ್ಲಿ ಕಳಿಸುವುದು ಇನ್ನೊಂದು ಉಪಾಯ. ಕಾಯುವ ಗೋಜಿಲ್ಲದ ಇದೇ ಎಲ್ಲಕ್ಕಿಂತ ಸೊಗಸಿನದು. ಆದರೆ ಪರಿವರ್ತಕಗಳು ದುಬಾರಿ. ಕೆಲವನ್ನೇ ಇಟ್ಟು ಎಲ್ಲರೂ ಹಂಚಿಕೊಂಡರೆ, ದಟ್ಟಣೆಯ ಹೊತ್ತಿಗೆ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ಬೇರೆ ದಾರಿಗೆ ಅಟ್ಟಿಬಿಡುವುದು ಅಗ್ಗ, ಸಂಚಾರ ವಿರಳವಿದ್ದಾಗ ಮಾತ್ರ. ದಟ್ಟಣೆಯಲ್ಲಿ ಹಾಗೆ ಅಲೆಯುವ ಪ್ಯಾಕೆಟ್‌ಗಳೇ ಉಳಿದ ದಾರಿಗಳನ್ನೂ ಕಟ್ಟಿಹಾಕುತ್ತವೆ. ಅವು ಹಿಂದುಮುಂದಾಗಿ ತಲುಪಿದರೆ, ಇಂಟರ್ನೆಟ್ಟಿನ ಸಾಗಣೆಯನ್ನು ನಿಯಂತ್ರಿಸುವ ಟಿಸಿಪಿ ನಿಯಮಾವಳಿ, ನಡುವಿನವು ಕಳೆದೇಹೋದವೆಂದು ತಿಳಿದು ವೇಗ ತಗ್ಗಿಸುತ್ತದೆ.

1999ರಲ್ಲಿ ಚುನ್‌ಮಿಂಗ್ ಚಿಯಾವೊ ಮತ್ತು ಮ್ಯುಂಗ್‌ಸಿಕ್ ಯೂ ನಡುದಾರಿಯೊಂದನ್ನು ಮುಂದಿಟ್ಟರು: ಜಾಲದ ಅಂಚಿನಲ್ಲೇ ಪ್ಯಾಕೆಟ್‌ಗಳನ್ನು ಕಂತೆ ಕಟ್ಟಿ, ದಾರಿ ಕಾದಿರಿಸಲು ಪುಟ್ಟ ಸಂಕೇತವನ್ನು ಮುಂಚಿತವಾಗಿ ಓಡಿಸುವುದು. ಕಂತೆ ದೊಡ್ಡದಾದಷ್ಟೂ ಸ್ವಿಚ್‌ಗೆ ಹಗುರ. ಆದರೆ ಕಂತೆ ತುಂಬುವವರೆಗೆ ಮೊದಲ ಪ್ಯಾಕೆಟ್ ಕಾಯಬೇಕು. ದಾರಿ ಸಿಗದಿದ್ದರೆ ಇಡೀ ಕಂತೆಯೇ ನಷ್ಟ.

ಗೂಗಲ್ ತನ್ನ ಡೇಟಾ ಸೆಂಟರುಗಳಲ್ಲಿ ಪುಟಾಣಿ ಕನ್ನಡಿಗಳಿಂದ ಬೆಳಕನ್ನು ತಿರುಗಿಸುತ್ತಿರುವುದನ್ನು 2022ರಲ್ಲಿ ವಿವರವಾಗಿ ಪ್ರಕಟಿಸಿತು. ಕನ್ನಡಿ ಹೊರಳಿ ನಿಲ್ಲಲು ಮಿಲಿಸೆಕೆಂಡುಗಳೇ ಬೇಕು. ಒಂದು ಮಿಲಿಸೆಕೆಂಡಿನಲ್ಲಿ ಮೇಲಿನ ಲೆಕ್ಕದ ಪ್ಯಾಕೆಟ್‌ಗಳು ಎಂಟುನೂರಕ್ಕೂ ಹೆಚ್ಚು ದಾಟಿರುತ್ತವೆ. ಆದ್ದರಿಂದ ಈ ಕನ್ನಡಿಗಳು ಪ್ಯಾಕೆಟ್‌ಗಳ ಗೊಡವೆಗೇ ಹೋಗುವುದಿಲ್ಲ. ಸಂಚಾರದ ಅಂದಾಜಿನ ಮೇಲೆ ದಾರಿಯನ್ನು ಮೊದಲೇ ಜೋಡಿಸಿಡುತ್ತವೆ. ಒಂದೊಂದೇ ಪ್ಯಾಕೆಟ್‌ನ ವಿಳಾಸ ಓದುವ ಕೆಲಸ ಅಲ್ಲಿ ಈಗಲೂ ಎಲೆಕ್ಟ್ರಾನಿಕ್ ಸ್ವಿಚ್‌ಗಳದ್ದು.